ಮೂರು ಬೆರಳಿನ ಎಡಗೈ

ಕೋಚ್ ಅವರ ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಅವರ ಚಳಿದೇಶದ ಮರದ ಮಿಲ್ಲು ಎಳೆಪ್ರಾಯದಲ್ಲೇ ನುಂಗಿತ್ತಂತೆ. ಮಂಜುಗಡ್ಡೆಯ ಅಂಗಣದಲ್ಲಿ ಐಸ್ ಹಾಕಿ ಆಟ ಕಲಿಯುವ ಮಕ್ಕಳ ಗುಣದೋಷ ಹೇಳುವಾಗ ಆ ಕೈಯನ್ನು ಮರೆಮಾಡದೆ ಚಾಚುತ್ತಿದ್ದರು. ಬಲಗೈ ಬೆರಳುಗಳಲ್ಲಿ ಮಗುವಿನ ಬಲ, ಎಡಗೈಯಲ್ಲಿ ಕೊರತೆ. "ಯಾವ ಮಗುವಿಗೂ ಮೂರಕ್ಕಿಂತ ಹೆಚ್ಚು ತಪ್ಪು ಹೇಳುವುದಿಲ್ಲ. ಬೆರಳೇ ಇಲ್ಲವಲ್ಲ!" ಎಂದು ನಗುತ್ತಿದ್ದರು.

ಹೊರಗೆ ಬಹರೈನಿನ ಬಿಸಿಲಿಗೆ ಸ್ಟೇರಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಅವರು ಮಾತ್ರ ಉಣ್ಣೆಯ ಟೋಪಿ ಹಾಕಿಕೊಂಡೇ ಕಾರಿನಿಂದ ಇಳಿಯುತ್ತಿದ್ದರು. ನಮ್ಮಂಥ ಅಪ್ಪಂದಿರನ್ನೆಲ್ಲ ಕರೆಯುವುದು ಒಂದೇ ಹೆಸರಿನಲ್ಲಿ, "ಸದೀಕ್". ಎಂದರೆ ಗೆಳೆಯ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಸಲ್ಮಾಬಾದಿನಲ್ಲಿ ಎಸಿ ಡಕ್ಟ್ ಮಾಡುವ ಸ್ವಂತ ವರ್ಕ್‌ಶಾಪ್ ಇದೆ. ಬೆವರು ಸುರಿಸಿ ಕಟ್ಟಿದ್ದು. ಪ್ರಾಯದಲ್ಲಿ ಊರಿನ ಕಬಡ್ಡಿ ತಂಡಕ್ಕೆ ನಾನೇ ರೈಡರ್. ಹಾಗಿರುವಾಗ ನನ್ನ ಮಗಳು ಆಟದಲ್ಲಿ ಹಿಂದೆ ಬೀಳುವುದುಂಟಾ? ಅವಳು ಫಾರ್ವರ್ಡ್, ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಸ್ಟಿಕ್ಕಿನಲ್ಲಿ ತಳ್ಳುತ್ತ ಮುನ್ನುಗ್ಗಿ ಗೋಲು ಹೊಡೆಯುವವಳು. ದುಬೈಗೆ ಹೋಗುವ ಜೂನಿಯರ್ ತಂಡದಲ್ಲಿ ಫಾರ್ವರ್ಡ್‌ಗೆ ಒಂದೇ ಜಾಗ ಉಳಿದಿತ್ತು. ಶುಕ್ರವಾರದ ಪಂದ್ಯ ನೋಡಿ ಕೋಚ್ ತೀರ್ಮಾನಿಸುವವರಿದ್ದರು. ಅವಳು ದುಬೈ ಎಂದು ನಿದ್ದೆಯಲ್ಲೂ ಕನವರಿಸುತ್ತಿದ್ದಳು.

ಆ ವಾರ ಕೋಚ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಇಂಗ್ಲಿಷು, ಹಿಂದಿ ಬೆರಕೆಯಲ್ಲಿ ಶುರು ಮಾಡಿದರು. ಮೊದಲು ಬಲಗೈ. "ಬಾಣದ ಹಾಗೆ ಹೊರಡುತ್ತಾಳೆ. ಸೊಂಟ ತಗ್ಗಿಸಿ ಆಡುತ್ತಾಳೆ. ಭುಜ ಒಂದು ಕಡೆ, ತಾನು ಇನ್ನೊಂದು ಕಡೆ, ಯಾರಿಗೂ ಸಿಗುವುದಿಲ್ಲ. ಬಿದ್ದರೆ ಅಳುವುದಿಲ್ಲ. ಎದುರು ತಂಡದವರು ಬಿದ್ದರೂ ಎಬ್ಬಿಸುತ್ತಾಳೆ." ಐದೂ ಬೆರಳು ಮುಗಿದಾಗ ನನ್ನ ಎದೆ ಎರಡು ಇಂಚು ಉಬ್ಬಿತ್ತು.

ಆಮೇಲೆ ಎಡಗೈ. "ದಣಿದರೂ ಬೆಂಚಿಗೆ ಬರುವುದಿಲ್ಲ. ಆಡುವಾಗ ತಲೆ ಎತ್ತುವುದಿಲ್ಲ, ಕಣ್ಣೆಲ್ಲ ಪಕ್ಕಿನ ಮೇಲೆಯೇ. ಮೂರನೆಯದು ನನಗೆ ಅರ್ಥವಾಗಿಲ್ಲ ಸದೀಕ್. ಗೋಲಿಗೆ ಹೊಡೆದ ಕೂಡಲೇ ತಿರುಗಿ ಓಡಿಬರುತ್ತಾಳೆ. ಮನೆಯಲ್ಲಿ ಹಾಲು ಉಕ್ಕುತ್ತಿದೆಯಾ? ಗೋಲ್‌ಕೀಪರ್ ತಡೆದ ಪಕ್ ಚಿಮ್ಮಿ ಎದುರಿಗೇ ಬೀಳುತ್ತದೆ. ಅಲ್ಲೇ ನಿಂತಿದ್ದರೆ ಸುಲಭದ ಗೋಲು."

"ಅದು ತಪ್ಪಲ್ಲ ಸರ್, ಜಾಗ್ರತೆ," ಎಂದೆ. "ಮುಟ್ಟಬೇಕು, ತಿರುಗಬೇಕು, ಗೆರೆ ದಾಟಬೇಕು. ಪಾರ್ಕಿಂಗ್‌ನಲ್ಲಿ ದಿನಾ ನಾನೇ ಕಲಿಸಿದ್ದು."

"ಯಾವ ಗೆರೆ?"

ಬಾಯಲ್ಲಿ ಹೇಳಿದರೆ ಆಗುವ ಕೆಲಸವಲ್ಲ. ಎದ್ದೆ. ರಬ್ಬರ್ ಹಾಸಿನ ಮೇಲೆ ಉಸಿರು ಕಟ್ಟಿ "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿ, ಅವರ ಮೊಣಕಾಲು ಮುಟ್ಟಿ, ವಾಪಸ್ ಹಾರಿದೆ. ಕೋಚ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಕ್ಕಿತು! ಬಲಗೈಯ ಮೊದಲ ಮೂರು ಬೆರಳೂ ನೀನೇ, ಎಡಗೈಯ ಈ ಬೆರಳೂ ನೀನೇ!" ತಟ್ಟನೆ ನಗು ನಿಲ್ಲಿಸಿ ಕೇಳಿದರು, "ನಿನ್ನ ಆಟದಲ್ಲಿ ಓಡಿಹೋಗದೆ ನಿಲ್ಲುವವರು ಯಾರು?"

"ಕ್ಯಾಚರ್. ಕಾಲೂರಿ ನಿಂತು ರೈಡರನ್ನು ಹಿಡಿಯುವವನು."

"ಹಾಗಾದರೆ ಹೊಡೆಯುವ ತನಕ ಅವಳು ರೈಡರ್. ಹೊಡೆದ ಮೇಲೆ ಕ್ಯಾಚರ್. ನೀನೇ ಹೇಳು. ನಾನು ಹೇಳಿದರೆ ಅವಳ ತಲೆಗೆ ಹೋಗುತ್ತದೆ, ನೀನು ಹೇಳಿದರೆ ಕಾಲಿಗೆ ಹೋಗುತ್ತದೆ."

ಕಾರಿನಲ್ಲೇ ಹೇಳಿದೆ. ಮಗಳು ಬಿಡಬೇಕಲ್ಲ! "ಓಡು ಓಡು ಅಂತ ಬೊಬ್ಬೆ ಹೊಡೆದದ್ದು ನೀವೇ ಅಲ್ವಾ ಪಪ್ಪ?"

"ಹೌದು. ಈಗ ನಿಲ್ಲು ಅಂತ ಹೇಳುವುದೂ ನಾನೇ."

"ದೂಡಿದ್ರೆ?"

"ಪಾರ್ಕಿಂಗಲ್ಲಿ ನನ್ನ ಕಾಲು ಹಿಡಿದು ಕೂತ್ಕೊಳ್ತಿಯಲ್ಲ, ನಾನು ಎಳೆದ್ರೂ ಅಲ್ಲಾಡದೆ? ಹಾಗೆ ನಿಲ್ಲು."

ಶುಕ್ರವಾರ. ಎರಡೂ ತಂಡ ಸಮಸಮ, ಮುಗಿಯಲು ಸ್ವಲ್ಪವೇ ಹೊತ್ತು. ಮಗಳು ನುಗ್ಗಿದಳು, ಹೊಡೆದಳು. ಗೋಲ್‌ಕೀಪರ್ ಕಾಲು ಅಡ್ಡ ಹಾಕಿದ. ಅವಳ ಮೊಣಕಾಲು ಅಭ್ಯಾಸಬಲದಿಂದ ತಿರುಗಲು ಹೊರಟಿದ್ದು ನನಗೆ ಕಂಡಿತು. ತಿರುಗಲಿಲ್ಲ! ಯಾರೋ ದೂಡಿದರು, ಅಲ್ಲಾಡಲಿಲ್ಲ. ಚಿಮ್ಮಿದ ಪಕ್ ಅವಳ ಸ್ಟಿಕ್ಕಿಗೇ ಬಂತು, ಗೋಲು! ನಾನು ಕಿರುಚಿದ್ದು ಕನ್ನಡವೋ ತುಳುವೋ ದೇವರಿಗೇ ಗೊತ್ತು. ಬೆಂಚಿನ ಹತ್ತಿರ ಕೋಚ್ ನನ್ನ ಕಡೆ ತಿರುಗಿ, ಎಡಗೈ ಎತ್ತಿ, ಮೂರರಲ್ಲಿ ಒಂದು ಬೆರಳು ಮಡಿಸಿದರು. ಮಗಳು ದುಬೈಗೆ ಹೋದಳು.

ದಣಿದಾಗ ಬೆಂಚಿಗೆ ಬರುವುದನ್ನೂ ಕಲಿತಳು. ಎರಡನೇ ಬೆರಳೂ ಮಡಿಯಿತು. ಕೋಚ್ ಊರಿಗೆ ಹೊರಡುವಾಗ ನನ್ನ ವರ್ಕ್‌ಶಾಪಿಗೆ ಬಂದು ಚಹಾ ಕುಡಿದರು. ಉಳಿದ ಬೆರಳನ್ನು ನನ್ನ ಮೂಗಿನೆದುರು ಹಿಡಿದರು. "ತಲೆ ಎತ್ತುವುದು. ಇದನ್ನು ನೀನು ಮಡಿಸು ಸದೀಕ್." ಆ ಚಳಿಗಾಲದಲ್ಲೇ ತೀರಿಕೊಂಡರೆಂದು ಸುದ್ದಿ ಬಂತು.

ಮೊನ್ನೆಯ ಪಂದ್ಯದಲ್ಲಿ ಮಗಳು ಗೋಲಿನೆದುರು ಬಂದಳು. ಹೊಡೆಯಬಹುದಿತ್ತು. ತಲೆ ಎತ್ತಿದಳು! ಎಡಕ್ಕೆ ಖಾಲಿ ನಿಂತಿದ್ದ ಹುಡುಗಿಯನ್ನು ಕಂಡು ಪಕ್ ದಾಟಿಸಿದಳು; ಗೋಲು ಆ ಹುಡುಗಿಯದಾಯಿತು. ಎಲ್ಲರೂ ಅವಳಿಗೆ ಚಪ್ಪಾಳೆ ತಟ್ಟುವಾಗ ನನ್ನ ಮಗಳು ಗ್ಯಾಲರಿಯಲ್ಲಿ ನನ್ನನ್ನು ಹುಡುಕಿದಳು. ನಾನು ಆಗಲೇ ಎದ್ದು ನಿಂತು ಎಡಗೈ ಎತ್ತಿದ್ದೆ, ನಾಲ್ಕು ಬೆರಳು ಮಡಿಸಿ, ಒಂದನ್ನೇ ನೆಟ್ಟಗೆ ಹಿಡಿದು. ಅವಳು ನೋಡುತ್ತಿದ್ದಂತೆ ಅದನ್ನೂ ಮಡಿಸಿದೆ.