ಫ್ರಾನ್ಸಿಸರ ಹುಲ್ಲಿನ ಗಾಡಿ

ಸೃಜನ್, ಮೇಘಾ, ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ನಿಲ್ಲುವ ಮನುಷ್ಯರನ್ನು ನೀವು ಕಂಡಿರಲಾರಿರಿ. ಮೊದಲ ಸಲ ಕಂಡಾಗ ನಾನು, ಪಾಪ, ಕಿವಿನೋವು ಎಂದುಕೊಂಡೆ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ನಿಮ್ಮ ಅಜ್ಜನ ಕೈಲಿ ಕಳಿಸಿದೆ. ಎಂಜಿನ್ನಿನ ಒಳಸದ್ದು ಆಲಿಸುತ್ತಿದ್ದ ಫ್ರಾನ್ಸಿಸ್ ಅದನ್ನು ತುಕ್ಕು ಹಿಡಿದ ಬೋಲ್ಟಿಗೆ ಬಿಟ್ಟರಂತೆ. "ಒಳ್ಳೇ ಎಣ್ಣೆ ಅಕ್ಕಾ, ಕೂಡಲೇ ಸಡಿಲ ಆಯ್ತು," ಎಂದರು.

ಎರಡು ಸಾವಿರದ ಐದೋ ಆರೋ ಇರಬೇಕು. ಒಮಾನ್ ದೇಶದ ಸೊಹಾರಿನ ಕಂಪನಿ ಕಾಲನಿಯಲ್ಲಿ ಅಜ್ಜ ತೋಟದ ಮೇಲ್ವಿಚಾರಕರು. ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಗಳಿಗೆ ಉಡುಪಿ ಕಡೆಯ ಫ್ರಾನ್ಸಿಸ್ ಮೆಕ್ಯಾನಿಕ್. ನಾನು ಊರ ಶಾಲೆಯಲ್ಲಿ ಏಳನೆಯ ತನಕ ಕಲಿತವಳು. ಗಂಡಸರು ಬಂದರೆ ಪರದೆಯ ಹಿಂದೆ ನಿಂತು, "ಅವರು ಮನ್ಯಾಗಿಲ್ರಿ," ಎನ್ನುತ್ತಿದ್ದೆ. ಅಜ್ಜ ಒಳಗೆ ಕೆಮ್ಮುತ್ತಿದ್ದರೂ ಸರಿ.

ಆ ವರ್ಷ ನೀರು ಉಳಿಸಲೆಂದು ಕಂಪನಿಯವರು ಹುಲ್ಲನ್ನೆಲ್ಲ ಕೀಳಿಸಿ ಜಲ್ಲಿ ಹಾಕಿಸಿದರು. ಹುಲ್ಲಿಲ್ಲದ ಮೇಲೆ ಗಾಡಿ ಏಕೆ, ಗಾಡಿಯಿಲ್ಲದ ಮೇಲೆ ಫ್ರಾನ್ಸಿಸ್ ಏಕೆ? ವೀಸಾ ರದ್ದು ಮಾಡಿ ಊರಿಗೆ ಕಳಿಸುವ ಮಾತು ಬಂತು. ಅವರ ಇಬ್ಬರು ಹೆಣ್ಣುಮಕ್ಕಳು ಇನ್ನೂ ಓದುತ್ತಿದ್ದರು.

ಫ್ರಾನ್ಸಿಸ್ ಗೊಣಗಲಿಲ್ಲ. ಹಳೆಯ ಗಾಡಿಯೊಂದರ ಹೊಟ್ಟೆಯಡಿಯ ಅಲಗುಗಳನ್ನು ಬಿಚ್ಚಿ ಎಸೆದರು. ಎಂಜಿನ್ನಿನ ದೊಡ್ಡ ರಾಟೆ ತೆಗೆದು ಸಣ್ಣದನ್ನು ಕೂರಿಸಿದರು. ಹಿಂದಿನ ಗಾಲಿಗಳಿಗೆ ಕಬ್ಬಿಣದ ಭಾರ ಕಟ್ಟಿ, ಕೊಂಡಿ ಬೆಸೆದು, ಟ್ರಾಲಿ ಸಿಕ್ಕಿಸಿದರು.

"ಜೋರು ಹೋಗಾಂಗಿಲ್ಲೇನ್ರಿ ಇದು?" ಎಂದೆ, ಅದು ನಮ್ಮ ಬಾಗಿಲಿಗೆ ತೆವಳುತ್ತ ಬಂದಾಗ, ಪರದೆಯ ಹಿಂದಿನಿಂದಲೇ.

"ಓಡ್ಲಿಕ್ಕೆ ಕುದುರೆ ಉಂಟಲ್ಲ ಮಾರಾಯ್ರೆ. ಇದು ಎಳೀಲಿಕ್ಕೆ!"

ಮ್ಯಾನೇಜರ್ ಸಾಹೇಬರು ಒಮಾನಿ. ಗೊಬ್ಬರದ ಹತ್ತು ಚೀಲ ಹೊತ್ತು ನರ್ಸರಿಯ ದಿಬ್ಬ ಹತ್ತಿದರೆ ಗಾಡಿಯೂ ಫ್ರಾನ್ಸಿಸರೂ ಉಳಿಯಬಹುದು ಎಂದರು. ಆ ಬೆಳಿಗ್ಗೆ ನನಗೆ ಭಕ್ತಿ ಉಕ್ಕಿತು. ಹೊಸ ಗಾಡಿಗೆ ಪೂಜೆಯಿಲ್ಲದಿದ್ದರೆ ಹೇಗೆ? ಫ್ರಾನ್ಸಿಸ್ ಪೆಟ್ರೋಲ್ ತರಲು ಹೋಗಿದ್ದಾಗ ಕುಂಕುಮವಿಟ್ಟು, ಕಾಯಿ ಒಡೆದು, ಕಣ್ಣು ಮುಚ್ಚಿ ನೀರನ್ನು ಧಾರಾಳವಾಗಿ ಪ್ರೋಕ್ಷಿಸಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದಿತ್ತು. ಕಣ್ಣು ಬಿಟ್ಟಿದ್ದರೆ ತಾನೇ ಕಾಣುವುದು!

ಅಜ್ಜನ ಬೆನ್ನ ಹಿಂದೆ ನಿಂತು ನಾನೂ ನೋಡುತ್ತಿದ್ದೆ. ದಿಬ್ಬದ ನಡುವೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

"ಖಲಾಸ್," ಎಂದು ಸಾಹೇಬರು ಕಾರಿನತ್ತ ನಡೆದರು.

ಫ್ರಾನ್ಸಿಸ್ ಪೈಪು ಕಳಚಿ ಒಂದಿಷ್ಟು ಪೆಟ್ರೋಲನ್ನು ಬಾಟಲಿಗೆ ಬಸಿದರು. ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಅವರು ಬಾಟಲಿ ನೋಡಿದರು, ಕುಂಕುಮ ನೋಡಿದರು, ನನ್ನನ್ನು ನೋಡಿದರು. "ಮುಚ್ಚಳ ಹಾಕದ್ದು ನನ್ನದೇ ತಪ್ಪು," ಎಂದು ಅಜ್ಜನಿಗೆ ಹೇಳಿದರು.

ಕಾಲು ಹೇಗೆ ಓಡಿದವೋ ತಿಳಿಯದು, ನಾನು ಕಾರಿಗೆ ಅಡ್ಡ ನಿಂತಿದ್ದೆ. ನನಗಿದ್ದ ಹಿಂದಿಯನ್ನೆಲ್ಲ ಖರ್ಚು ಮಾಡಿದೆ: "ಸಾಬ್! ಪಾನಿ ಹಮ್ ಡಾಲಾ! ನಾರಿಯಲ್! ಪೂಜಾ!"

ಸಾಹೇಬರು ಗಾಡಿಯ ಹಣೆಯ ಕುಂಕುಮ ನೋಡಿ, ಹೊಟ್ಟೆ ಹಿಡಿದು ನಕ್ಕರು. "ಯಲ್ಲಾ, ಫ್ರಾನ್ಸಿಸ್, ಫಿರ್ ಸೇ!" ಎಂದು ಇನ್ನೊಮ್ಮೆ ಓಡಿಸಲು ಹೇಳಿದರು.

ಟ್ಯಾಂಕು ತೊಳೆದು, ಹೊಸ ಪೆಟ್ರೋಲ್ ಹಾಕಿದರು. ಗಾಡಿ ಬಸುರಿ ಎಮ್ಮೆಯ ಹಾಗೆ ಏದುತ್ತ ಹತ್ತು ಚೀಲಗಳನ್ನೂ ಮೇಲೇರಿಸಿತು. ಆಮೇಲೆ ಅಂಥವು ಇನ್ನೂ ಮೂರಾದವು. ಪ್ರತಿ ಸಲವೂ ಫ್ರಾನ್ಸಿಸ್ ನಮ್ಮ ಬಾಗಿಲಿಗೆ ಬಂದು, "ಪೂಜೆ ಮಾಡಿ ಅಕ್ಕಾ, ಮುಚ್ಚಳ ಹಾಕಿಯೇ ತಂದಿದ್ದೇನೆ," ಎನ್ನುವರು.

ನಾವು ಸೊಹಾರ್ ಬಿಟ್ಟ ದಿನ ನಮ್ಮ ಪೆಟ್ಟಿಗೆಗಳನ್ನು ಗೇಟಿನವರೆಗೆ ಅವರೇ ಅದೇ ಗಾಡಿಯಲ್ಲಿ ಎಳೆದು ತಂದರು. ನಾನು ಟ್ರಾಲಿಯಲ್ಲಿ ಪೆಟ್ಟಿಗೆಗಳ ನಡುವೆ ಇನ್ನೊಂದು ಪೆಟ್ಟಿಗೆಯಂತೆ ಕೂತಿದ್ದೆ. 'ಫ್ರಾನ್ಸಿಸ್, ನನ್ನ ತಪ್ಪನ್ನು ಹೊತ್ತ ನಿಮ್ಮ ದೊಡ್ಡ ಮನಸ್ಸಿಗೆ ಏನು ಹೇಳಲಿ' ಎಂಬ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಗೇಟು ಬಂದಾಗ ಬಾಯಿಂದ ಹೊರಟದ್ದು "ಬರ್ತೀನ್ರಿ" ಅಷ್ಟೇ. ಮತ್ತೆ ನಾವು ಭೇಟಿಯಾಗಲಿಲ್ಲ. ಅಂದು ಹೇಳದೆ ಉಳಿದದ್ದು ಇದಿಷ್ಟು. ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕದೆ ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಳ್ಳಿ.