ಶಾಂತಕ್ಕನ ಹಸಿರು ಬಳೆ

ಖಾನಾಪುರದಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಬಾಗಿಲು ತೆರೆದವರೆಲ್ಲ ನನ್ನ ಮುಖಕ್ಕಿಂತ ಮೊದಲು ಕೈ ನೋಡಿದರು. ಬಳೆಯಿಲ್ಲ. ಆಮೇಲೆ ಹಣೆ ನೋಡಿದರು. ಕುಂಕುಮವಿಲ್ಲ. ಮನೆ ಖಾಲಿಯಿಲ್ಲವೆಂದು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ಹೇಳಿದರು. ಹಾಗೆಂದು ನಮ್ಮ ಕೋಲಾರದವರೇನೂ ಕಡಿಮೆಯಲ್ಲ, ಅಲ್ಲಿ ಕೈ ನೋಡಿದ ಮೇಲೆ ಜಾತಿಯನ್ನೂ ಕೇಳುತ್ತಾರೆ.

ಗಂಡ ತೀರಿಕೊಂಡ ಮೇಲೆ ನಾನೇ ಕೇಳಿ ಬೆಳಗಾವಿಗೆ ವರ್ಗ ಮಾಡಿಸಿಕೊಂಡಿದ್ದೆ. ಆಫೀಸಿನ ಹತ್ತಿರದ ಸದಾಶಿವನಗರದ ಬಾಡಿಗೆ ನನ್ನ ಸಂಬಳಕ್ಕೆ ಎಟುಕಲಿಲ್ಲ, ಖಾನಾಪುರದಿಂದ ದಿನಾ ಬಸ್ಸು ಹಿಡಿಯುವುದೆಂದು ತೀರ್ಮಾನಿಸಿದೆ. ವಿಚಿತ್ರವೆಂದರೆ, ಬೆಳಗಾವಿಯ ಆಫೀಸಿನಲ್ಲಿ ಇದೇ ಬರಿಗೈ ಫ್ಯಾಶನ್ ಅನ್ನಿಸಿಕೊಂಡಿತು. ಬೆಂಗಳೂರು ಕಡೆಯವರು ಹೀಗೇ ಎಂದು ಹುಡುಗಿಯರು ಮೆಚ್ಚಿಕೊಂಡರು. ಅವತ್ತು ನನಗೆ ಊಟ ಸೇರಲಿಲ್ಲ.

ಕೊನೆಗೆ ಮಹಡಿಯ ಕೋಣೆ ಕೊಟ್ಟವಳು ಶಾಂತಕ್ಕ. ಕೈತುಂಬ ಹಸಿರು ಬಳೆ, ಕಾಸಗಲ ಕುಂಕುಮ. ಗಂಡ ಗೋವಾದಲ್ಲಿ ದುಡಿಯುತ್ತಾನೆಂದು ಓಣಿಗೆಲ್ಲ ಹೇಳಿದ್ದಳು. ಶುಕ್ರವಾರ ಹೆಂಗಸರು ಅವಳಿಗೆ ಉಡಿ ತುಂಬಲು ಬರುತ್ತಿದ್ದರು. ನಮ್ಮ ಕಡೆಯ ಮಡಿಲಕ್ಕಿಯೇ ಇಲ್ಲಿಯ ಉಡಿ: ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ. ಆ ಹೊತ್ತಿಗೆ ನಾನು ಮಹಡಿ ಹತ್ತಿಬಿಡುತ್ತಿದ್ದೆ. ಕೆಳಗಿನ ಬಳೆಗಳ ಸದ್ದಿಗೆ ಹೊಟ್ಟೆ ಉರಿಯುತ್ತಿತ್ತು. ಪುಣ್ಯವಂತೆ, ಎಲ್ಲ ಇದೆ ಅವಳಿಗೆ ಅಂದುಕೊಳ್ಳುತ್ತಿದ್ದೆ.

ಒಂದು ಭಾನುವಾರ ನನಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದಳು. ಮುದ್ದೆ ತಿರುವಿದ ಕೈಗೆ ರೊಟ್ಟಿ ಸುಲಭವಾಗಿ ಒಗ್ಗುವುದಿಲ್ಲ. ನಡುವೆ ನನ್ನವರ ಕೊನೆಗಾಲದ ಬಗ್ಗೆ ಕೇಳಿದಳು. ಬಾಯಿಗೆ ನೀರು ಬಿಟ್ಟವಳು ನಾನೇ ಎಂದೆ.

"ನಿನಗ ಅಳಾಕ ಒಂದು ದಿನರ ಸಿಕ್ತು, ತಂಗಿ," ಎಂದಳು. "ನನ್ನಾಂವ ಮಗಳು ತೊಟ್ಟಿಲದಾಗಿದ್ದಾಗ ಲೋಂಡಾ ಟೇಶನ್‌ದಾಗ ಗೋವಾ ಗಾಡಿ ಹತ್ತಿದಾಂವ, ತಿರುಗಿ ಬಂದಿಲ್ಲ. ಅದಾನೋ ಇಲ್ಲೋ ಗೊತ್ತಿಲ್ಲ. ಬಳಿ ಹಾಕ್ಕೊಂಡು ಕುಂತೀನಿ."

ಆ ತೊಟ್ಟಿಲ ಮಗಳಿಗೆ ಆಗಲೇ ಮದುವೆ ಗೊತ್ತಾಗಿತ್ತು. ಇನ್ನು ಕೆಲವೇ ದಿನವಿದೆ ಎನ್ನುವಾಗ ಗೋವಾದಿಂದ ಪರಿಚಯದವನೊಬ್ಬ ಶಾಂತಕ್ಕನಿಗೆ ಫೋನ್ ಮಾಡಿದ. ಗಂಡ ಸತ್ತು ಎಷ್ಟೋ ಕಾಲವಾಗಿತ್ತಂತೆ. ನಾನು ಪಕ್ಕದಲ್ಲೇ ಇದ್ದೆ. ಸುದ್ದಿ ಹೊರಬಿದ್ದರೆ ಸೂತಕ, ಮದುವೆ ನಿಲ್ಲುತ್ತದೆ. ಮತ್ತೆ ಕೂಡಿಬಂದರೂ ತಾಯಿಯನ್ನು ಶಾಸ್ತ್ರದ ಹತ್ತಿರ ಬಿಡುವುದಿಲ್ಲ. ಶಾಂತಕ್ಕ ನನ್ನ ಬಾಯಿಯ ಮೇಲೆ ಕೈಯಿಟ್ಟಳು.

ಗಂಡನಿಗೆ ರಜೆ ಸಿಗಲಿಲ್ಲವೆಂದು ಎಲ್ಲರಿಗೂ ಹೇಳಿ, ಮದುವೆಯಲ್ಲಿ ಮಗಳಿಗೆ ಅರಿಸಿನ ಹಚ್ಚಿದಳು, ಉಡಿ ತುಂಬಿಸಿಕೊಂಡಳು, ಬೀಗರನ್ನು ನಗಿಸಿದಳು. ಎಳೆಯ ಹೆಂಗಸರು ಅವಳಂಥ ಮುತ್ತೈದೆತನ ಬೇಡಿ ಕಾಲಿಗೆ ಬಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಗಳನ್ನು ಕಳಿಸಿಕೊಟ್ಟ ಮೇಲೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಹಾಕಿ, ಎರಡೂ ಕೈ ಚಾಚಿದಳು.

"ಒಡೀಬ್ಯಾಡ. ಸಪ್ಪಳ ಆಗತೈತಿ."

ಸೋಪು ಹಚ್ಚಿ ಒಂದೊಂದಾಗಿ ತೆಗೆದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸಂಜೆ ನೆಂಟರು ಕರೆದಾಗ ಮುಖ ತೊಳೆದು, ಬಳೆ ಏರಿಸಿಕೊಂಡು ಇಳಿದುಹೋದಳು. ಆಮೇಲೂ ಆಗಾಗ ಹಾಗೆಯೇ ಬರುತ್ತಾಳೆ.

ಈಗ ನನಗೆ ಕೋಲಾರಕ್ಕೆ ವರ್ಗವಾಗಿದೆ. ಊರಿನ ಹೆಸರು ಕೇಳಿದರೆ ಇವತ್ತಿಗೂ ಕಣ್ಣು ತುಂಬುತ್ತದೆ, ಅಮ್ಮ ದಿನಾ ಫೋನ್ ಮಾಡಿ ಯಾವಾಗ ಬರುತ್ತೀ ಎನ್ನುತ್ತಾಳೆ. ಅಲ್ಲಿ ಅಮ್ಮನಿಗೆ ಮಗಳು ಬೇಕು. ಇಲ್ಲಿ ಒಬ್ಬಳಿಗೆ, ಸತ್ತ ಗಂಡನಿಗಾಗಿ ಅಳಲು ಈ ಕೋಣೆಯೊಂದೇ ಇದೆ.