ಹಳೇ ಬಾಗ್‌ನ ಗೋಡೆ

ಬೀದರಿನ ಹಳೇ ಊರಿನಲ್ಲಿ ನಮ್ಮ ಗಲ್ಲಿ ಒಂದು ಉದ್ಯಾನದ ಗೋಡೆಗೆ ಹೋಗಿ ಮುಗಿಯುತ್ತದೆ. ನಿಜಾಮರಿಗಿಂತ ಹಿಂದಿನದು ಎನ್ನುತ್ತಾರೆ. ನಮಗೆಲ್ಲ ಅದು ಬರೀ ಬಾಗ್. ಒಳಗೆ ಮೆಟ್ಟಿಲಿಳಿಯುವ ಕಲ್ಲಿನ ಬಾವಿ, ಹುಣಸೆ, ಬೇವು. ಸುತ್ತ ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ. ಮದುವೆಯಾಗಿ ಬಂದ ಹೊಸತರಲ್ಲಿ ಅದು ನನ್ನ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಿತ್ತು.

ಗಂಡಸರು ಆ ಗೋಡೆಯ ಉದ್ದಕ್ಕೂ ಉಚ್ಚೆ ಹೊಯ್ಯುತ್ತಿದ್ದರು. ಎಷ್ಟು ತಲೆಮಾರಿನಿಂದಲೋ ಗೊತ್ತಿಲ್ಲ. ಬುಡದ ಕಲ್ಲು ಕಪ್ಪಾಗಿ, ಉಪ್ಪು ತಿಂದು, ಮುಟ್ಟಿದರೆ ಪುಡಿಯಾಗುವಂತಿತ್ತು. ನಾನು ಭಾಲ್ಕಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬಸ್ಸು ಹಿಡಿಯಲು ದಿನಾ ಬೆಳಿಗ್ಗೆ ಆ ಗೋಡೆಯ ಪಕ್ಕದಲ್ಲೇ ಸೆರಗು ಮೂಗಿಗೆ ಹಿಡಿದು ಹೋಗಬೇಕು. ಹೆಂಗಸು ಬಂದಳೆಂದು ಯಾರೂ ಮುಜುಗರ ಪಡುತ್ತಿರಲಿಲ್ಲ. ಒಬ್ಬನಂತೂ ಹೊಯ್ಯುತ್ತಲೇ ಕತ್ತು ತಿರುಗಿಸಿ, "ನಮಸ್ಕಾರ್ರಿ ಟೀಚರ್" ಅಂದಿದ್ದ. ಅವನ ಮಗ ನನ್ನ ಹತ್ತಿರ ಮನೆಪಾಠಕ್ಕೆ ಬಂದವನು.

ನನ್ನ ತವರು ಠಾಣಾ ಕುಶನೂರ. ಅಪ್ಪನ ಕಡೆಯವರದು ಕುರಿ ಸಾಕುವ ಮನೆತನ, ಮನೆದೇವರು ಮಲ್ಲಣ್ಣ. ಕುರಿಮರಿಗಳ ಪಕ್ಕದಲ್ಲೇ ಮಲಗಿ ಬೆಳೆದವಳು ನಾನು. ಹಿಕ್ಕೆಯ ವಾಸನೆ ನನಗೆ ಎಂದೂ ಹೇಸಿಗೆ ತರಿಸಿರಲಿಲ್ಲ. ಈ ಗೋಡೆ ತರಿಸಿತು.

ಈಚೆಗೆ ಗಲ್ಲಿಯವರೆಲ್ಲ ಸೇರಿ ಬಾಗ್ ಉಳಿಸುವ ಸಮಿತಿ ಮಾಡಿದರು. ನನಗೆ ನಿಜಕ್ಕೂ ಖುಷಿಯಾಗಿತ್ತು. ಹುಣಸೆ ಮರದ ಕೆಳಗೆ ಸಭೆ. ಅಧ್ಯಕ್ಷರಾದವರು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಒಬ್ಬ ಹಿರಿಯರು, ಯಾವಾಗಲೂ ಇಸ್ತ್ರಿ ಅಂಗಿ ತೊಡುವವರು. ಗೋಡೆಯ ವಿಷಯ ಬಂದಾಗ ಅವರು ಸುಲಭದ ದಾರಿ ಹೇಳಿದರು.

"ದೇವರ ಫೋಟೋ ಇರೋ ಟೈಲ್ಸ್ ಹಚ್ಚಿಬಿಡೋಣ್ರಿ. ಒಬ್ಬನೂ ಹತ್ರ ಬರಂಗಿಲ್ಲ. ಎಲ್ಲಾ ಧರ್ಮದ್ದೂ ಹಚ್ಚೋಣು." ಆಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯ ಹೆಂಗಸಿನ ಕಡೆ ತಿರುಗಿ, "ನಿಮ್ಮ ಬುದ್ಧಂದೂ ಒಂದು ಹಚ್ತೀವ್ರಿ ಬಾಯಿ" ಎಂದರು.

ಪಕ್ಕದಲ್ಲಿದ್ದವರು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಔರಾದ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಬೌದ್ಧರಾದ ದಲಿತ ಕುಟುಂಬ. ನಾನು ಅವರನ್ನು ಅಕ್ಕ ಎನ್ನುತ್ತೇನೆ.

"ಬುದ್ಧನ್ನ ಉಚ್ಚಿ ಕಾಯ್ಲಾಕ ನಿಂದ್ರಸ್ತೀರೇನ್ರಿ?" ಎಂದರು ಅಕ್ಕ. "ಬ್ಯಾಡ್ರಿ."

"ನಮ್ಮ ಮಲ್ಲಣ್ಣನ್ನೂ ಬ್ಯಾಡ್ರಿ" ಎಂದೆ ನಾನು. ಯಾವನಾದರೂ ಕುಡಿದು ಬಂದವನು ಆ ಟೈಲ್ಸಿನ ಮೇಲೇ ಹೊಯ್ಯುವುದು ಆಗಲೇ ನನ್ನ ಕಣ್ಣಮುಂದೆ ಬಂದುಹೋಗಿತ್ತು.

"ಹಂಗಾರ ನೀವೇ ಹೇಳ್ರಿ. ಪೊಲೀಸರನ್ನ ನಿಂದ್ರಸಲಾಕ ಆಗ್ತದೇನು?" ಎಂದರು ಅಧ್ಯಕ್ಷರು.

"ನಾವೇ ಕುಂದರತೇವ್ರಿ" ಎಂದರು ಅಕ್ಕ. ಗಂಡಸರೆಲ್ಲ ನಕ್ಕರು.

ನಾವು ಖರೇನೇ ಕೂತೆವು. ಮೊದಲು ಫಿನೈಲ್ ಸುರಿದು, ಸುಣ್ಣ ಚೆಲ್ಲಿ, ಗೋಡೆಯ ಬುಡ ತೊಳೆದೆವು. ನಾನು ಮಧ್ಯೆ ಮಧ್ಯೆ ಓಡಿಹೋಗಿ ವಾಂತಿ ಮಾಡಿಕೊಂಡು ಬಂದೆ. ಶಾಲೆಗೆ ರಜೆಯಿತ್ತು. ಮರುದಿನದಿಂದ ಬೆಳಿಗ್ಗೆ ಜಮಖಾನೆ ಹಾಸಿಕೊಂಡು ಅಲ್ಲೇ ಕೂತು ಮೆಂತ್ಯ ಸೊಪ್ಪು ಸೋಸುವುದು, ತೊಗರಿಬೇಳೆಯ ಕಲ್ಲು ಆರಿಸುವುದು. ನಾಲ್ಕು ಮನೆಯ ಹೆಂಗಸರು ಬಂದರು, ಆಮೇಲೆ ಇನ್ನಷ್ಟು ಜನ. ಮೂಲೆಮನೆಯ ಅಜ್ಜಿ ತಮ್ಮ ಎಲೆಅಡಿಕೆಯ ಪಾನ್‌ದಾನದ ಸಮೇತ ಬಂದು ಕೂರುತ್ತಿದ್ದರು.

ಹೊಯ್ಯಲು ಬಂದವರಲ್ಲಿ ಹೆಚ್ಚಿನವರು ನಮ್ಮನ್ನು ನೋಡಿ, ಕೈ ಪ್ಯಾಂಟಿನ ಮೇಲಿದ್ದ ಹಾಗೇ ತಿರುಗಿ ಓಡಿದರು. ಕೆಲವರು ಬೈದರು. "ಗಂಡಸರು ಬರೋ ಜಾಗಾದಾಗ ಕುಂತೀರಲ್ಲ, ನಾಚಿಕಿ ಇಲ್ಲೇನು ನಿಮಗ?" ಎಂದು ನಮ್ಮನ್ನೇ ಕೇಳಿದ ಒಬ್ಬ. ಇನ್ನೊಬ್ಬ ಬೇಕೆಂದೇ ತುಸು ದೂರ ನಿಂತು, ನಮ್ಮ ಕಡೆಯೇ ನೋಡುತ್ತ ಜಿಪ್ಪು ಇಳಿಸಿದ. ಹೆಂಗಸರು ಮುಖ ತಿರುಗಿಸಿದರು. ಅಕ್ಕ ಮೆಂತ್ಯದ ಕಟ್ಟು ಕೆಳಗಿಟ್ಟು ಎದ್ದು ನೇರ ಅವನ ಹತ್ತಿರ ಹೋದರು.

"ಏನ್ ತೋರಿಸ್ತಿಯೋ ಮಾರಾಯಾ? ನಿನ್ನಂಥೋರು ಎಷ್ಟ ಮಂದಿಗಿ ಉಚ್ಚಿ ನಳಿಗಿ ಹಾಕೇನಿ ದವಾಖಾನ್ಯಾಗ. ಕಟ್ಟಿಕೊಂಡದಂದ್ರ ಹೇಳು, ನಿನಗೂ ಹಾಕ್ತೇನಿ."

ಅವನು ಮತ್ತೆಂದೂ ಬರಲಿಲ್ಲ. ನಾವು ನಕ್ಕು ನಕ್ಕು ಸಾಕಾದೆವು. ಆ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮನೆಯಲ್ಲಿ ನನ್ನ ಗಂಡನಿಗೆ ಇದು ಹಿಡಿಸಲಿಲ್ಲ. ಊಟಕ್ಕೆ ಕೂತಾಗ ಗೊಣಗಿದ. "ಗಂಡಸರು ಎಲ್ಲಿಗಿ ಹೋಗಬೇಕು? ಬಾಗ್‌ನಾಗಿನ ಸಂಡಾಸಕ್ಕ ಕೀಲಿ ಹಾಕ್ಯಾರ."

"ಕೀಲಿ ಹಾಕಿದ್ದು ನಿಮಗ ಹ್ಯಾಂಗ ಗೊತ್ತು?"

ಅವನು ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ನೀವೂ ಅಲ್ಲೇ ಹೋಗ್ತಿದ್ರೇನು?"

"ಒಮ್ಮೊಮ್ಮಿ. ವಾಕಿಂಗಿಗಿ ಹೋದಾಗ. ಎಲ್ಲಾರೂ ಹೋಗ್ತಾರ."

ಅದೇ ಕೈಯಿಂದ ಅವನು ಪಲ್ಯದ ಬಟ್ಟಲು ನನ್ನ ಕಡೆ ಸರಿಸಿದ. ನಾನು ಎದ್ದುಬಿಟ್ಟೆ. ಇಷ್ಟು ವರ್ಷ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದ ಹೊಲಸಿನಲ್ಲಿ ನನ್ನ ಮನೆಯದೂ ಇತ್ತು. ಎಷ್ಟೋ ದಿನ ಅವನ ಜೊತೆ ಮಾತಾಡಲು ನನಗೆ ಬಾಯಿ ಬರಲಿಲ್ಲ.

ಆದರೆ ಕೀಲಿಯ ಮಾತು ಸುಳ್ಳಾಗಿರಲಿಲ್ಲ. ಚಾವಿ ಅಧ್ಯಕ್ಷರ ಹತ್ತಿರ ಇತ್ತು. "ಒಳಗ ಸಾಮಾನ ಅದರಿ, ನೋಡೋಣು" ಎಂದು ಮುಂದೂಡಿದರು. ಹೆಂಗಸರೆಲ್ಲ ಅವರ ಬಾಗಿಲಲ್ಲಿ ಹೋಗಿ ನಿಂತ ಮೇಲೆ ಬಂದು ತೆರೆದರು. ಒಳಗೆ ಹಬ್ಬದ ಪ್ಲಾಸ್ಟಿಕ್ ಕುರ್ಚಿಗಳು, ಪೆಂಡಾಲಿನ ಬಟ್ಟೆ, ಅಧ್ಯಕ್ಷರೇ ದೊಡ್ಡದಾಗಿ ಕೈಮುಗಿದಿದ್ದ ಬ್ಯಾನರು. ಅದರ ಹಿಂದೆ ಬಿಳಿ ಬೇಸಿನ್ನು, ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ಸಂಡಾಸ ಇಷ್ಟು ದಿನ ಸ್ವಚ್ಛವಾಗಿ ಒಣಗಿ ಕೂತಿತ್ತು, ಹೊರಗೆ ಹಳೇ ಗೋಡೆ ಕರಗುತ್ತಿತ್ತು.

ಸಾಮಾನು ಹೊರಗೆ ಹಾಕಿಸಿದೆವು. ಆಗ ಅಧ್ಯಕ್ಷರು ಅಕ್ಕನ ಕಡೆ ನೋಡಿ, ತುಂಬ ಮೆತ್ತಗೆ, ಉಪಕಾರ ಕೇಳುವವರ ಹಾಗೆ ಹೇಳಿದರು: "ಬಾಯಿ, ದಿನಾ ಸಾಫ್ ಮಾಡ್ಲಾಕ ನಿಮ್ಮ ಮಂದ್ಯಾಗ ಯಾರಿಗರೆ ಹೇಳ್ರಲ್ಲ."

ನಮ್ಮ ಪೈಕಿ ಇಬ್ಬರು ಹೆಂಗಸರು ಹೌದು ಎಂಬಂತೆ ತಲೆ ಆಡಿಸಿದ್ದು ನನ್ನ ಕಣ್ಣಿಗೆ ಬಿತ್ತು. ಅಕ್ಕನ ಒಬ್ಬ ಮಗ ಬ್ಯಾಂಕಿನಲ್ಲಿದ್ದಾನೆ, ಸೊಸೆ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಆದರೆ ಅದನ್ನೆಲ್ಲ ಎತ್ತಿ ಹೇಳಬೇಕಾಗಿ ಬಂದದ್ದೇ ಹೇಸಿಗೆ. ಗೋಡೆ ತೊಳೆಯುವಾಗ ಬಂದದ್ದಕ್ಕಿಂತ ದೊಡ್ಡ ವಾಕರಿಕೆ ನನಗೆ ಅಲ್ಲಿ ಬಂತು. ಏನೋ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಮುಂಗೈ ಹಿಡಿದರು.

"ಗಲ್ಲಿ ಮಂದಿ ಎಲ್ಲಾರೂ ನಮ್ಮ ಮಂದೀನೇರಿ" ಎಂದರು. "ಪಾಳಿ ಹಚ್ಚೋಣು. ಮೊದಲ ಪಾಳಿ ಅಧ್ಯಕ್ಷರದು."

ಅಧ್ಯಕ್ಷರಿಗೆ ಮರುದಿನವೇ ಸೊಂಟನೋವು ಶುರುವಾಯಿತು. ಅದನ್ನು ಕೇಳಿ ನಾನು ಮನೆಗೆ ಬಂದು, ಬಹಳ ದಿನಗಳ ಮೇಲೆ ಗಂಡನ ಜೊತೆ ಮಾತಾಡಿದೆ: "ನಾಳಿ ನಿಮ್ಮ ಪಾಳಿ." ಅವನು ವಾದ ಮಾಡಲಿಲ್ಲ. ಬಕೆಟ್ಟು, ಬ್ರಷ್ಷು ತೆಗೆದುಕೊಂಡು ಹೋದ, ತೊಳೆದ, ಹೊರಗೆ ಬಂದು ಬೇವಿನ ಬುಡದಲ್ಲಿ ಬಗ್ಗಿ ಕಾರಿಕೊಂಡ. ನನಗೆ ಕನಿಕರ ಬರಲಿಲ್ಲ. ಆದರೆ ಆಮೇಲೆ ಅವನ ಪಾಳಿ ತಪ್ಪಿಲ್ಲ. ಅವನನ್ನು ನೋಡಿ ಇನ್ನೂ ಕೆಲವು ಗಂಡಸರು ಬಂದರು.

ಈಗ ಗೋಡೆ ಒಣಗಿದೆ. ಮಳೆ ಬಂದಾಗ ಹಳೇ ವಾಸನೆ ಸ್ವಲ್ಪ ಏಳುತ್ತದೆ, ಬಿಸಿಲಿಗೆ ಹೋಗುತ್ತದೆ. ಸಂಜೆ ಹೆಂಗಸರು ಬಾವಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅಧ್ಯಕ್ಷರು ಅಧ್ಯಕ್ಷರಾಗಿಯೇ ಇದ್ದಾರೆ. ಬಾಗ್ ನೋಡಲು ಅಧಿಕಾರಿಗಳು ಬಂದಾಗ ಶಾಲು ಅವರ ಹೆಗಲಿಗೇ ಬಿತ್ತು. ಎದುರಿಗೆ ಸಿಕ್ಕರೆ ಅಕ್ಕ ಅವರಿಗೆ ನಮಸ್ಕಾರ ಮಾಡುತ್ತಾರೆ, ಸೊಂಟ ಹ್ಯಾಂಗದರಿ ಎಂದು ವಿಚಾರಿಸುತ್ತಾರೆ.

"ಅವತ್ತ ನಿಮಗ ಸಿಟ್ಟು ಬರ್ಲಿಲ್ಲೇನ್ರಿ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ಬಂದಿತ್ತು. ಎದ್ದು ಮನಿಗಿ ಹೋಗಬೇಕನಿಸಿತ್ತು. ಆದ್ರ ನಾ ಎದ್ದು ಹೋಗಿದ್ರ ಬಾಗ್ ಅವರೊಬ್ಬರದೇ ಆಗಿಬಿಡ್ತಿತ್ತು."

ಅವರಿಗಿರುವ ಆ ತಾಳ್ಮೆ ನನಗೆ ಬಂದಿಲ್ಲ. ಅಧ್ಯಕ್ಷರು ದೂರದಲ್ಲಿ ಕಂಡರೂ ಸಾಕು, ಮೂಗು ಮುಚ್ಚಲು ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತದೆ.